ಒಂದೇ ತುಟಿಗೆ ಎರಡು ನೊಣ

ಇಲ್ಲಿ ಏಪ್ರಿಲ್ ಎಂದರೆ ಎಲೆ ಉದುರುವ ತಿಂಗಳು.
ಪ್ಯಾಟಗೋನಿಯಾದಲ್ಲಿ ಪಂಚಾಂಗ ತಲೆಕೆಳಗು.
ಇಳಿಜಾರಿನ ಲೆಂಗಾ ಮರಗಳೆಲ್ಲ
ಕೆಂಪಗೆ, ಬೈಸಿಕೊಂಡ ಮುಖದ ಹಾಗೆ;
ಕೊರ್ಕೊವಾಡೊ ಹೊಳೆ ಮಾತ್ರ ಇನ್ನೂ
ಒಡೆದ ಬಾಟಲಿಯ ಹಸಿರು.

ಇವತ್ತೇ ಕೊನೆ. ನಾಳೆಯಿಂದ ಹೊಳೆ ಮೀನಿನದು,
ಗಾಳ ಹಿಡಿದರೆ ದಂಡ.
ಎಲುನೆಡ್ ರಬ್ಬರು ಷರಾಯಿ ಏರಿಸಿ ನೀರಿಗಿಳಿದಳು,
ಅರವತ್ತೆಂಟರ ಮಂಡಿಗೆ
ಸುಮ್ಮನಿರು ಎಂದು ಗದರಿ.

ಅವಳ ಕಸುಬು ನೊಣ ಕಟ್ಟುವುದು.
ಮೊಲದ ಕಿವಿಯ ತುಪ್ಪಳ ಎರಡು ಚಿಟಿಕೆ,
ಕಂದು ಹುಂಜದ ಕತ್ತಿನ ಗರಿ ಒಂದು,
ಮೇಲೆ ಏಳು ಸುತ್ತು ಕೆಂಪು ದಾರ,
ವೇಲ್ಸಿನಿಂದ ಹಡಗಲ್ಲಿ ಬಂದ ಶಾಲಿನ ಅಂಚಿಂದ ಬಿಡಿಸಿದ್ದು.
ಆರಾದರೆ ಬಿಚ್ಚುತ್ತದೆ,
ಎಂಟಾದರೆ ಮೀನಿಗೆ ಅನುಮಾನ.
ಮೂರು ನೊಣಕ್ಕೆ ಒಂದು ಡಜನ್ ಮೊಟ್ಟೆ;
ಅಬೆಲಾರ್ದೊಗೆ ಮಾತ್ರ ಸಾಲ.

ಅಬೆಲಾರ್ದೊ ಹೋದ ಏಪ್ರಿಲಿನಲ್ಲಿ ಹಿಡಿದ ಟ್ರೌಟು
ಆಗ ಮೊಣಕೈಯುದ್ದ ಇತ್ತು.
ಹಿಮ ಕರಗುವಷ್ಟರಲ್ಲಿ ತೋಳುದ್ದ.
ಕ್ರಿಸ್‌ಮಸ್ ಹೊತ್ತಿಗೆ ತಟ್ಟೆಯಲ್ಲಿ ಹಿಡಿಸದೆ
ಬಾಗಿಲ ಹಲಗೆ ಬಿಚ್ಚಿ ಅದರ ಮೇಲೆ ಬಡಿಸಿದ್ದ.
"ಎಡಗಣ್ಣಿನ ಮೇಲೆ ಬಿಳಿ ಗೀರು," ಅನ್ನುತ್ತಿದ್ದ,
ಮಾಟೆ ಕಷಾಯದ ನಳಿಗೆ ಕಚ್ಚಿಕೊಂಡು,
"ಮೂರು ದಿನ ತಿಂದೆ, ಬೆಣ್ಣೆಯಲ್ಲಿ ಹುರಿದು."
ಎಲ್ಲರೂ ಹೂಂಗುಟ್ಟುತ್ತಿದ್ದರು.
ಆ ಊರಲ್ಲಿ ಚಳಿಗಾಲ ಉದ್ದ, ಕತೆ ಕಡಿಮೆ.

ವಿಲೋ ಬಾಗಿದ ಕಡೆ, ಹರಿವು ಸುತ್ತಿ ಬರುವಲ್ಲಿ,
ಒಂದು ಮೂಗು ಎದ್ದು ಮುಳುಗಿತು.
ಸದ್ದಿಲ್ಲ. ಕಾಯುವ ಹಾಲಿನ ಮೊದಲ ಗುಳ್ಳೆ.
ಅವಳು ಕೋಲನ್ನು ಹಿಂದಕ್ಕೆ ಬೀಸಿ, ತಡೆದು
(ಈ ತಡೆಯುವುದೇ ವಿದ್ಯೆ; ಬೀಸುವುದು ಯಾರಿಗೂ ಬರುತ್ತದೆ)
ಮುಂದೆ ಬಿಟ್ಟಳು. ನೂಲು ಗಾಳಿಯಲ್ಲಿ
ಸುರುಳಿ ಬಿಚ್ಚಿ ಇಳಿಯಿತು.
ತೇಲಿ ಬರುವ ಹಳದಿ ಎಲೆಗಳ ನಡುವೆ
ಎಲೆಯಲ್ಲದ್ದೊಂದು.

ಮೊದಲ ಸಲ ಇಲ್ಲ. ಎರಡನೆಯ ಸಲ ಇಲ್ಲ.
ಮೂರನೆಯದು, ಬೆರಳು ಮರಗಟ್ಟಿ, ಅಡ್ಡಾದಿಡ್ಡಿ ಬಿತ್ತು.
ಅದಕ್ಕೇ ಬಾಯಿ ತೆರೆಯಿತು.

ಆಮೇಲಿನದು ಹೇಳುವಂಥದ್ದೇನಲ್ಲ.
ಕೋಲು ಬಾಗಿತು, ರೀಲು ಕಿರುಚಿತು,
ಅವಳು ಮೊದಲು ಸ್ಪ್ಯಾನಿಷಿನಲ್ಲಿ ಬೈದಳು,
ಸಾಲದೆ ವೇಲ್ಸ್ ಭಾಷೆಯಲ್ಲಿ.

ಬಲೆಯೊಳಗೆ ಬೆಣ್ಣೆ ಬಣ್ಣದ ಹೊಟ್ಟೆ,
ಕೆಂಪು ಚುಕ್ಕೆಗೆ ನೀಲಿ ಅಂಚು, ಮೊಟ್ಟೆ ತುಂಬಿದ ಹೆಣ್ಣು.
ಗೇಣಿನ ಮೇಲೆ ನಾಲ್ಕು ಬೆರಳು, ಅಷ್ಟೇ.
ಎಡಗಣ್ಣಿನ ಮೇಲೆ ಬಿಳಿ ಗೀರು.
ತುಟಿಯ ಮೂಲೆಯಲ್ಲಿ ಇವತ್ತಿನ ನೊಣ.
ಪಕ್ಕದಲ್ಲಿ ಇನ್ನೊಂದು, ಗರಿಯುದುರಿ, ತುಕ್ಕು ಹಿಡಿದು.
ಉಗುರಿಂದ ಪಾಚಿ ಕೆರೆದಳು. ದಾರ ಕೆಂಪು.
ಎಣಿಸಿದಳು. ಏಳು.

ಸುಳ್ಳಿಗೆ ಕಾಲಿಲ್ಲ ಅನ್ನುತ್ತಾರೆ.
ಇದಕ್ಕೆ ಈಜುರೆಕ್ಕೆಯಿತ್ತು, ಬಾಲವಿತ್ತು,
ಕಿವಿರು ಬಡಿದುಕೊಳ್ಳುತ್ತಿತ್ತು.

ನಕ್ಕಳು, ಒಬ್ಬಳೇ, ಹೊಳೆಯ ನಡುವೆ.
ಚಿಮಟ ಹಾಕಿ ಎರಡನ್ನೂ ಬಿಡಿಸಿ
ಮೀನನ್ನು ಹರಿವಿಗೆ ಮುಖ ಮಾಡಿ ಹಿಡಿದಳು.
ಬಹಳ ಹೊತ್ತು ಅದು ಹೋಗಲಿಲ್ಲ.
ಆಮೇಲೆ ಕೈಯಲ್ಲಿ ಬರೀ ನೀರು.

ಅಂಗೈಯಲ್ಲಿ ಎರಡು ನೊಣ, ಎರಡೂ ನೊಣವಲ್ಲ.
ಮೊಲದ ಕೂದಲಿಗೆ ಜೀವವಿದೆ ಎಂದು
ನಲವತ್ತು ವರ್ಷ ಹೊಳೆಯನ್ನು ನಂಬಿಸಿ
ಹೊಟ್ಟೆ ಹೊರೆದವಳು
ಯಾರ ಕಡೆಗೆ ಬೆರಳು ತೋರಿಸಲಿ?
ತುಕ್ಕಿನದನ್ನು ಟೋಪಿಗೆ ಚುಚ್ಚಿದಳು.

ಸಂಜೆ ಅಂಗಡಿಯ ಒಲೆಯ ಮುಂದೆ
ಅಬೆಲಾರ್ದೊ ಆ ಮೀನನ್ನು ಮತ್ತೆ ಹುರಿಯುತ್ತಿದ್ದ.
ಎಲುನೆಡ್ ಒಳಗೆ ಬಂದವಳು ಟೋಪಿ ತೆಗೆದು
ಮಡಿಲಲ್ಲಿ ಬೋರಲು ಹಾಕಿಕೊಂಡು ಕೂತಳು.
"ಎಷ್ಟುದ್ದ ಅಂದೆ?"
ಅವನು ಕೈಗಳನ್ನು ಅಗಲಿಸಿದ.
ಅವಳ ಮುಖ ನೋಡಿದ. ಟೋಪಿ ನೋಡಿದ.
ಏನನ್ನಿಸಿತೋ,
ಅಂಗೈಗಳನ್ನು ಒಂದು ಬೆರಳಷ್ಟು
ಹತ್ತಿರ ತಂದ.